ತೊಟ್ಟಿಲಿಗೆ ಮೊದಲೇ ಬರೆದ ಹೆಸರು

ಹೊಸ ಆಟವೊಂದು ಬಂದರೆ ಅದರ ಬಗ್ಗೆ ನಾಲ್ಕು ಮಾತು ಬರೆಯುವ ಚಟ ನನಗೆ ಹತ್ತು ವರ್ಷದಿಂದ ಇದೆ. ಆಟ ಎಂದರೆ ಕಂಪ್ಯೂಟರಿನಲ್ಲಿ ಆಡುವಂಥದ್ದು. ಅದರಲ್ಲೂ ಕತ್ತಿ, ಮಂತ್ರ, ಮಾತಾಡುವ ಮರ, ರಾಜ್ಯ ಕಳೆದುಕೊಂಡ ರಾಣಿ, ಹೀಗೆ ಇಡೀ ಒಂದು ಸುಳ್ಳು ಲೋಕ ಕಟ್ಟಿ ಅದರೊಳಗೆ ನಮ್ಮನ್ನೇ ಒಂದು ಪಾತ್ರ ಮಾಡಿ ಬಿಡುವ ಆಟಗಳು. ನೂರು ತಾಸು ಆಡಿದರೂ ಮುಗಿಯುವುದಿಲ್ಲ. ಇಂಥ ಆಟಗಳ ಬಗ್ಗೆ ಕನ್ನಡದಲ್ಲಿ ಹರಟೆ ಹೊಡೆಯುವವರ ಒಂದು ಸಣ್ಣ ಗುಂಪು ಫೋನಿನಲ್ಲಿದೆ. ಅದರಲ್ಲಿ ಹೆಂಗಸು ನಾನೊಬ್ಬಳೇ, ತಿಕೋಟಾದವಳೂ ನಾನೊಬ್ಬಳೇ. ಆಟ ಬಂದ ವಾರದೊಳಗೆ ನನ್ನ ‘ಮೊದಲ ಅನಿಸಿಕೆ’ ಬರದಿದ್ದರೆ ಅವರಿಗೆ ಊಟ ಸೇರುವುದಿಲ್ಲ ಎಂದು ನಾನೇ ಅಂದುಕೊಂಡಿದ್ದೇನೆ. ಇದೂ ಅಂಥ ಬರಹವೇ ಆಗಬೇಕಿತ್ತು. ಆಗಲಿಲ್ಲ.

ನನಗೆ ಮೂವತ್ತಾರು. ವಿಜಯಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತೇನೆ. ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಮನೆ. ಮದುವೆ ಆಗಿಲ್ಲ. ಯಾಕೆ ಎಂದು ಕೇಳುವವರಿಗೆ ಮೊದಲು ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುತ್ತಿದ್ದೆ, ಈಗ ‘ನಿಮಗ್ಯಾಕ ಬೇಕ್ರಿ?’ ಎಂದು ಮುಗಿಸುತ್ತೇನೆ. ಮನೆಯಲ್ಲಿ ಅವ್ವ, ಅಣ್ಣ, ಅಣ್ಣನ ಹೆಂಡತಿ, ನಾನು. ಅಣ್ಣನದು ದ್ರಾಕ್ಷಿ ತೋಟದವರ ಔಷಧ ಹೊಡೆಯುವ ಪಂಪು ರಿಪೇರಿಯ ಅಂಗಡಿ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಅನ್ನುತ್ತೇವೆ. ವೈನಿಗೂ ನನಗೂ ವಯಸ್ಸಿನಲ್ಲಿ ಆರು ತಿಂಗಳ ಫರಕು, ಹಾಗಾಗಿ ನಮ್ಮಿಬ್ಬರ ನಡುವೆ ಬಹುವಚನ ಎಂದೂ ಬಂದಿಲ್ಲ.

ಭಾನುವಾರ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತರೆ, ವೈನಿ ಮೊರದಲ್ಲಿ ಜೋಳವನ್ನೋ ಬೇಳೆಯನ್ನೋ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು. ಅವಳು ಆಡಿದ್ದು ಒಂದು ದಿನವೂ ಇಲ್ಲ. ನೋಡುತ್ತಿದ್ದಳು, ನೋಡಿದ್ದಕ್ಕೆಲ್ಲ ತೀರ್ಪು ಕೊಡುತ್ತಿದ್ದಳು. ಇಂಥ ಆಟಗಳಲ್ಲಿ ಯಾರದೋ ಮನೆಗೆ ನುಗ್ಗಿ ಮಡಕೆ ಒಡೆದರೆ ಒಳಗೆ ಏನಾದರೂ ಸಿಗುತ್ತದೆ. ಎಲ್ಲರೂ ಒಡೆಯುತ್ತಾರೆ, ನಾನೂ ಒಡೆಯುತ್ತಿದ್ದೆ.

‘ಅಲ್ಲಬೇ, ಮಂದಿ ಮನಿಯಾಗ ಹೊಕ್ಕು ಗಡಗಿ ಒಡ್ಯಾಕತ್ತೀಯಲ್ಲ, ನಾಚಿಕಿ ಬರೂದಿಲ್ಲೇನ ನಿನಗ?’

‘ಒಳಗ ಔಷಧ ಇರ್ತೈತಿ ವೈನಿ.’

‘ಔಷಧ ಬೇಕಾದ್ರ ಬಾಯಿ ತೆರದ ಕೇಳು. ಪಾಪ, ಆ ಹೆಣ್ಣಮಗಳು ಮೂಲ್ಯಾಗ ನೋಡ್ಕೋತ ನಿಂತಾಳ.’

ಆಮೇಲೆ ವೈನಿ ಪಕ್ಕದಲ್ಲಿದ್ದಾಗ ನಾನು ಮಡಕೆ ಒಡೆಯುವುದನ್ನು ಬಿಟ್ಟೆ. ಗುಡಿಯೊಳಗೆ ಬೂಟು ಹಾಕಿಕೊಂಡು ಓಡಿದ್ದಕ್ಕೂ, ಎತ್ತಿಗೆ ನೊಗ ತಪ್ಪಾಗಿ ಕಟ್ಟಿದ್ದಕ್ಕೂ ಅವಳಿಂದ ಬೈಸಿಕೊಂಡಿದ್ದೇನೆ. ನೊಗ ಕಟ್ಟಿದ್ದು ನಾನಲ್ಲ, ಯಾವುದೋ ದೇಶದಲ್ಲಿ ಕೂತು ಆಟ ಮಾಡಿದವರು ಎಂದರೂ ಬಿಡುತ್ತಿರಲಿಲ್ಲ. ನನ್ನ ಬರಹಗಳಲ್ಲಿ ಓದುವವರು ಮೆಚ್ಚಿದ ಮಾತುಗಳಲ್ಲಿ ಅರ್ಧ ವೈನಿಯವು. ಅದನ್ನು ಗುಂಪಿನಲ್ಲಿ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಮದುವೆಯಾಗಿ ಎಂಟು ವರ್ಷಕ್ಕೆ ವೈನಿಗೆ ಬಸಿರು ನಿಂತಿತು. ಆ ಎಂಟು ವರ್ಷ ಅವಳು ಏನೇನು ಕೇಳಿಸಿಕೊಂಡಳು ಎಂಬುದನ್ನು ಬರೆಯಲು ಕೂತರೆ ನನಗೆ ಸಿಟ್ಟು ಬರುತ್ತದೆ, ಅದಕ್ಕೇ ಬರೆಯುವುದಿಲ್ಲ. ಐದನೆಯ ತಿಂಗಳಲ್ಲಿ ಒಂದು ದಿನ ಬಟ್ಟೆ ಒಣಹಾಕುತ್ತ ನನಗೆ ಹೇಳಿದಳು.

‘ಹೆಸರ ಮಾತ್ರ ನೀನ ಹುಡಕಬೇಕು. ನನಗೂ ಹೇಳಬ್ಯಾಡ, ನಿಮ್ಮಣ್ಣಗೂ ಹೇಳಬ್ಯಾಡ. ತೊಟ್ಟಿಲದಾಗ ಹಾಕಿದ ದಿನ ಎಲ್ಲಾರ ಕೂಡ ನಾನೂ ಕೇಳಾಕಿ.’

ನಮ್ಮ ಕಡೆ ಹೆಸರಿಡುವುದು ಸೋದರತ್ತೆಯ ಹಕ್ಕು, ಅಂದರೆ ಅಪ್ಪನ ಅಕ್ಕತಂಗಿಯರದು. ಕೂಸನ್ನು ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುತ್ತಾರೆ. ಸೋದರತ್ತೆ ಬಗ್ಗಿ, ಕೂಸಿನ ಕಿವಿಯ ಹತ್ತಿರ ಬಾಯಿ ಇಟ್ಟು, ಕುರ್ರ್ ಎಂದು ಸದ್ದು ಮಾಡಿ ಹೆಸರು ಹೇಳುತ್ತಾಳೆ. ಹೇಳಿದ್ದೇ ತಡ, ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ನಗೆಯೋ ನಗೆ. ಸಣ್ಣಾಕೆಯಿದ್ದಾಗಿನಿಂದ ಎಷ್ಟೋ ಅತ್ತೆಯರ ಬೆನ್ನಿಗೆ ನಾನು ಗುದ್ದಿದ್ದೇನೆ. ನನ್ನ ಬೆನ್ನಿಗೆ ಗುದ್ದಿಸಿಕೊಳ್ಳಬೇಕೆಂಬ ಆಸೆ ಇತ್ತು ಎಂದು ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಆದರೆ ಆ ದಿನದ ತನಕ ಹೆಸರನ್ನು ಬಾಯಿಗೂ ತರಬಾರದು, ಬರೆಯಲೂ ಬಾರದು. ಉಳಿದ ಮನೆಗಳಲ್ಲಿ ಇಷ್ಟು ಬಿಗಿ ಇದೆಯೋ ಇಲ್ಲವೋ ಗೊತ್ತಿಲ್ಲ, ನಮ್ಮ ಅವ್ವನ ಬಿಗಿ ಮಾತ್ರ ಬಲು ಜೋರು. ‘ಹೆಸರಿಲ್ಲದ ಕೂಸನ್ನ ಯಾರೂ ಕರ್ಯಾಕ ಬರೂದಿಲ್ಲ. ಮೊದಲ ಕರದ್ರ, ಕೇಳಿಸ್ಕೋಬಾರದವರೂ ಕೇಳಿಸ್ಕೋತಾರ’ ಎನ್ನುತ್ತಿದ್ದಳು. ಅಲ್ಲಿಯವರೆಗೆ ಕೂಸು ಎಂದರೆ ಕೂಸು, ಅಷ್ಟೇ. ನಾನು ದಿನಾ ನಲವತ್ತು ಜನರಿಗೆ ಕಂಪ್ಯೂಟರ್ ಕಲಿಸುವವಳು, ಅವ್ವನ ಮಾತಿಗೆ ಎದುರಿಗೇ ನಕ್ಕಿದ್ದೆ. ನಕ್ಕರೂ ಪಾಲಿಸಿದೆ. ಏಳನೆಯ ತಿಂಗಳಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಒಂದು ಹೆಸರು ಹೊಳೆಯಿತು, ಗಂಡಾದರೆ ಇದೇ ಎಂದು ಗಟ್ಟಿ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ. ಕಲ್ಲುಸಕ್ಕರೆ ಚೂರನ್ನು ದವಡೆಯಲ್ಲಿ ಇಟ್ಟುಕೊಂಡ ಹಾಗೆ ಎರಡು ತಿಂಗಳು ಇಟ್ಟುಕೊಂಡಿದ್ದೆ. ಇಲ್ಲಿಯೂ ಅದನ್ನು ಬರೆಯುವುದಿಲ್ಲ. ಮೂರು ಅಕ್ಷರ, ನಡುವೆ ಒಂದು ಒತ್ತು.

ಕೂಸು ಒಂದು ಭಾನುವಾರ ವಿಜಯಪುರದ ದವಾಖಾನೆಯಲ್ಲಿ ಹುಟ್ಟಿತು. ಗಂಡು. ಉಗುರು ಎಷ್ಟು ಉದ್ದ ಬೆಳೆದಿದ್ದವೆಂದರೆ, ಹುಟ್ಟುತ್ತಲೇ ತನ್ನ ಕೆನ್ನೆ ತಾನೇ ಗೀರಿಕೊಂಡಿದ್ದ. ಅಣ್ಣ ಅದನ್ನು ನೋಡಿ ‘ಹುಲಿ ಹುಟ್ಟೇತಿ’ ಎಂದು ದವಾಖಾನೆಯ ಕಸ ಗುಡಿಸುವ ಹೆಂಗಸಿಗೂ ತೋರಿಸಿದ. ಮೂರನೆಯ ದಿನ ಬಾಣಂತಿಯನ್ನು ಬಬಲೇಶ್ವರಕ್ಕೆ ಕರೆದೊಯ್ದರು, ವೈನಿಯ ತವರು ಅದು. ಐದನೆಯ ದಿನ, ಗುರುವಾರ, ನಾನು ರಜೆ ಹಾಕಿ ಅಲ್ಲಿಗೆ ಹೋದೆ. ಅಂದು ಹಣೆಬರಹ ಬರೆಯುವ ಸೆಟವಿಯ ಪೂಜೆ. ಅವಳು ಬರೆಯಲೆಂದು ಕೂಸಿನ ತಲೆಯ ಹತ್ತಿರ ಒಂದು ಖಾಲಿ ಹಾಳೆ, ಒಂದು ಪೆನ್ನು ಇಡುವುದು ಪದ್ಧತಿ. ಆ ಮನೆಯ ಪೆನ್ನು ನಾನು ಗೀಚಿ ನೋಡಿದರೆ ಬರೆಯುತ್ತಲೇ ಇರಲಿಲ್ಲ. ನನ್ನ ಚೀಲದ ಪೆನ್ನು ಕೊಟ್ಟೆ. ಕೂಸು ನನ್ನ ಬೆರಳು ಹಿಡಿದು ಮಲಗಿತ್ತು. ಸಂಜೆ ಸಾರವಾಡದ ಮೇಲೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ, ಕಾಲು ನೋವು ತಿಳಿಯಲಿಲ್ಲ.

ಅದೇ ವಾರ ಆ ಹೊಸ ಆಟ ಬಂತು. ನಮ್ಮ ಗುಂಪು ಎರಡು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾದ ಆಟ. ತಿಕೋಟಾದ ನನ್ನ ಇಂಟರ್‌ನೆಟ್ಟಿನಲ್ಲಿ ಇಳಿಸಿಕೊಳ್ಳಲು ಹೋದರೆ ಅದು ಮುಗಿಯುವಷ್ಟರಲ್ಲಿ ಕೂಸು ಅಂಬೆಗಾಲಿಡುತ್ತಿತ್ತು. ಆದ್ದರಿಂದ ಶುಕ್ರವಾರ ತರಬೇತಿ ಕೇಂದ್ರದಲ್ಲಿ ಇಳಿಸಿ, ಹಾರ್ಡ್‌ಡಿಸ್ಕಿನಲ್ಲಿ ತುಂಬಿಕೊಂಡು ಬಂದೆ. ಶನಿವಾರ ಅರ್ಧ ದಿನ ಕೆಲಸ, ಎರಡು ಗಂಟೆಗೆ ಪಡಸಾಲೆಯಲ್ಲಿ ಕೂತೆ. ಪಕ್ಕದಲ್ಲಿ ಇನ್ನೂರು ಪುಟದ ನೋಟ್‌ಬುಕ್. ಮೊದಲ ಅನಿಸಿಕೆಗಳನ್ನು ಆಡುತ್ತ ಆಡುತ್ತಲೇ ಅದರಲ್ಲಿ ಗೀಚಿಕೊಳ್ಳುವುದು ನನ್ನ ರೂಢಿ.

ಆಟ ಶುರುವಾಗುವುದು ಒಂದು ನದಿಯ ದಡದಲ್ಲಿ. ಮಂಜು ಕವಿದ ಬೆಳಗು. ಯಾರೋ ಬಿಟ್ಟುಹೋದ ಹುಡುಗನೊಬ್ಬ ದೋಣಿಯ ಹತ್ತಿರ ನಿಂತಿರುತ್ತಾನೆ, ಅವನೇ ನಾವು. ಮುದಿ ಅಂಬಿಗ ಹುಟ್ಟು ನಿಲ್ಲಿಸಿ, ನಿನ್ನ ಹೆಸರೇನು ಎಂದು ಕೇಳುತ್ತಾನೆ. ಪರದೆಯ ಮೇಲೆ ಒಂದು ಖಾಲಿ ಚೌಕ ಮೂಡುತ್ತದೆ.

ಬೇರೆ ಆಟಗಳಲ್ಲಿ ಈ ಚೌಕದಲ್ಲಿ ಇಂಗ್ಲಿಷ್ ಅಕ್ಷರ ಬಿಟ್ಟು ಇನ್ನೇನು ಹೊಡೆದರೂ ಡಬ್ಬಿ ಡಬ್ಬಿಯಾಗಿ ಕಾಣುತ್ತದೆ. ಹತ್ತು ವರ್ಷದಿಂದ ಪ್ರತಿ ಹೊಸ ಆಟದಲ್ಲೂ ನಾನು ಮೊದಲು ಮಾಡುವ ಕೆಲಸ ಅಲ್ಲಿ ಕನ್ನಡದ ಒಂದು ಅಕ್ಷರ ಹೊಡೆದು, ಡಬ್ಬಿ ನೋಡಿ, ಬೈದು, ಅಳಿಸುವುದು. ಅವತ್ತೂ ‘ಅ’ ಹೊಡೆದೆ. ಅ ಎಂದೇ ಮೂಡಿತು. ‘ಕ’ ಹೊಡೆದೆ, ಕ. ಒತ್ತಕ್ಷರ ಬರಲಾರದು ಎಂದು ‘ಮ್ಮ’ ಹೊಡೆದೆ, ಒತ್ತು ತನ್ನ ಜಾಗದಲ್ಲಿ ನೆಟ್ಟಗೆ ಕೂತಿತು. ಕುರ್ಚಿಯಿಂದ ಎದ್ದು ನಿಂತು ಅವ್ವನನ್ನು ಕೂಗಿದೆ. ಅವ್ವ ಅಡುಗೆಮನೆಯಿಂದ ‘ಏನ ಬಿತ್ತಬೇ?’ ಎಂದಳು. ನೋಟ್‌ಬುಕ್ಕಿನಲ್ಲಿ ಬರೆದೆ: ಒಂದು, ಕನ್ನಡ ಬರುತ್ತದೆ. ಅದರ ಮುಂದೆ ಮೂರು ಆಶ್ಚರ್ಯ ಚಿಹ್ನೆ.

ಇನ್ನು ಹೆಸರು ಬರೆಯಬೇಕು. ಅಂಬಿಗ ಕಾಯುತ್ತಿದ್ದಾನೆ. ಆ ಹೊತ್ತಿಗೆ ನನ್ನ ಪಾಲಿಗೆ ಲೋಕದಲ್ಲಿದ್ದದ್ದು ಒಂದೇ ಹೆಸರು. ಬರೆದರೆ ಹೇಗೆ ಕಾಣುತ್ತದೆ ಎಂದು ನೋಡುವ ಆಸೆ. ಒಂದು ಒತ್ತು ಇದೆಯಲ್ಲ, ಸರಿ ಮೂಡುತ್ತದೋ ಇಲ್ಲವೋ ನೋಡಿ ಅಳಿಸಿದರಾಯಿತು ಎಂದುಕೊಂಡೆ. ಬರೆದೆ. ಚಂದ ಕಂಡಿತು. ಅಳಿಸಲು ಮನಸ್ಸು ಬರಲಿಲ್ಲ. ಒತ್ತಿಬಿಟ್ಟೆ. ಅಂಬಿಗ ಆ ಹೆಸರು ಹಿಡಿದು ನನ್ನನ್ನು ಕರೆದ. ದನಿಯಲ್ಲಲ್ಲ, ಅವನ ಮಾತು ಪರದೆಯ ಕೆಳಗೆ ಅಕ್ಷರದಲ್ಲಿ ಬರುತ್ತದೆ. ಸುತ್ತ ಎಲ್ಲ ಇಂಗ್ಲಿಷು, ನಡುವೆ ಆ ಮೂರು ಕನ್ನಡ ಅಕ್ಷರ. ಆರು ದಿನ ಮುಗಿದು ಏಳನೆಯದರಲ್ಲಿದ್ದ ನನ್ನ ಅಳಿಯ ಅಲ್ಲಿ ಹತ್ತು ವರ್ಷದ ಹುಡುಗನಾಗಿ ದೋಣಿ ಹತ್ತಿದ. ಕಣ್ಣಲ್ಲಿ ನೀರು ಬಂತು, ಖುಷಿಗೆ.

ಶನಿವಾರ ಸಂಜೆಯವರೆಗೆ, ಭಾನುವಾರ ಇಡೀ ಹಗಲು ಆಡಿದೆ. ನೋಟ್‌ಬುಕ್ಕಿನಲ್ಲಿ ಏಳು ಪುಟ ತುಂಬಿದವು. ಆಟ ನಿಜಕ್ಕೂ ಚೊಲೋ ಇದೆ. ನಕ್ಷೆಯಲ್ಲಿ ಏನೂ ಗುರುತಿಲ್ಲ, ದಾರಿಯಲ್ಲಿ ಸಿಕ್ಕವರನ್ನು ಕೇಳಿಕೊಂಡೇ ಹೋಗಬೇಕು. ಕೇಳಿದವರಲ್ಲಿ ಕೆಲವರು ತಪ್ಪು ಹೇಳುತ್ತಾರೆ. ಊರಿನ ಜನ ತಮ್ಮ ತಮ್ಮ ಕೆಲಸಕ್ಕೆ ಹೋಗಿ ಬರುತ್ತಾರೆ, ನಮಗಾಗಿ ಕಾದು ನಿಲ್ಲುವುದಿಲ್ಲ. ಕುದುರೆ ಮಾತ್ರ ಕಟ್ಟಿಗೆಯದು ಇದ್ದಂತಿದೆ. ಕಾಳಗ ಬಹಳ ಕಠಿಣ, ಒಂದು ಹೆಜ್ಜೆ ತಪ್ಪಿದರೆ ಸತ್ತ. ಸತ್ತಾಗ ಪರದೆ ಬೂದು ಬಣ್ಣಕ್ಕೆ ತಿರುಗುತ್ತದೆ, ನಡುವೆ ಹೆಸರು ಬೆಳ್ಳಗೆ ಮೂಡುತ್ತದೆ, ಅದರ ಕೆಳಗೆ, ಇವನ ದಾರಿ ಇಲ್ಲಿಗೆ ಮುಗಿಯಿತು ಎಂಬ ಅರ್ಥದ ಒಂದು ಸಾಲು. ಮತ್ತೆ ಒತ್ತಿದರೆ ಮತ್ತೆ ಬದುಕುತ್ತಾನೆ. ಸೇತುವೆ ಕಾಯುವ ಒಂದು ಕರಡಿಯಂಥ ಪ್ರಾಣಿಯ ಕೈಯಲ್ಲಿ ಭಾನುವಾರ ಸಂಜೆ ಹನ್ನೊಂದು ಸಲ ಸತ್ತ. ನಾನು ನೋಟ್‌ಬುಕ್ಕಿನಲ್ಲಿ ಆ ಹೆಸರು ಬರೆದು, ‘ಹನ್ನೊಂದು ಸಲ ಸತ್ತ ನಮ್ಮ ಹುಲಿ, ಹಹ್ಹಾ’ ಎಂದು ಬರೆದಿದ್ದೇನೆ. ಆ ಹಾಳೆ ಈಗಲೂ ಇದೆ.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಇನ್ನೂ ಹೊತ್ತಿತ್ತು, ಅರ್ಧ ತಾಸು ಆಟದ ಮುಂದೆ ಕೂತಿದ್ದೆ. ಅಂಗಡಿಗೆ ಹೋಗಿದ್ದ ಅಣ್ಣನ ಫೋನು ಬಂತು. ಭಾನುವಾರ ಸಂಜೆಯಿಂದ ಕೂಸು ಹಾಲು ಕುಡಿದಿರಲಿಲ್ಲವಂತೆ, ಬೆಳಗಾಗುತ್ತ ಮೈ ನೀಲಿಗಟ್ಟಿತಂತೆ, ಬಬಲೇಶ್ವರದಿಂದ ಜೀಪು ಮಾಡಿಕೊಂಡು ವಿಜಯಪುರಕ್ಕೆ ಹೊರಟಿದ್ದಾರಂತೆ. ‘ದವಾಖಾನಿಗೆ ಲಗೂನ ಬಾ’ ಎಂದ. ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಅವ್ವ ಹಿಂದೆ ಓಡಿಬಂದಳು. ನಾವು ಮುಟ್ಟುವ ಹೊತ್ತಿಗೆ ಮುಗಿದಿತ್ತು. ಡಾಕ್ಟರು ಅಣ್ಣನನ್ನು ಕೂರಿಸಿಕೊಂಡು, ಹೃದಯದಲ್ಲಿ ಹುಟ್ಟುವಾಗಿನಿಂದಲೇ ತೊಂದರೆ ಇತ್ತು, ಇಂಥದ್ದು ಮೊದಲ ವಾರ ಹೊರಗೆ ಕಾಣುವುದೇ ಇಲ್ಲ, ನಿಮ್ಮ ಯಾರದೂ ತಪ್ಪಿಲ್ಲ ಎಂದು ಎರಡೆರಡು ಸಲ ಹೇಳಿದರು. ನಾನು ಹಿಂದೆಯೇ ನಿಂತು ಕೇಳಿಸಿಕೊಂಡೆ.

ದವಾಖಾನೆಯವರು ಕೊಟ್ಟ ಕಾಗದದಲ್ಲಿ ಹೆಸರಿನ ಜಾಗದಲ್ಲಿ ವೈನಿಯ ಹೆಸರು ಹಾಕಿ, ಇಂಥವರ ಗಂಡು ಕೂಸು ಎಂದು ಬರೆದಿದ್ದರು. ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಪೂಜೆಗೆ ಬಂದ ಅಯ್ಯನವರೂ ಹೆಸರು ಕೇಳಲಿಲ್ಲ, ಹೆಸರಿಡುವ ಮೊದಲು ಹೋದ ಕೂಸಿಗೆ ಕೇಳುವ ಪದ್ಧತಿ ಇಲ್ಲವಂತೆ. ಅಣ್ಣ ಹೊಲದಿಂದ ಬಂದು ಹಿತ್ತಲಲ್ಲಿ ಕೈ ತೊಳೆಯುವಾಗ ನಾನು ನೀರು ಹಾಕಿದೆ. ಈಗ ಕೇಳುತ್ತಾನೆ, ಏನು ಹೆಸರು ಹುಡುಕಿದ್ದಿ ಎಂದು ಈಗ ಕೇಳುತ್ತಾನೆ ಎಂದು ಕಾದೆ. ಬಾಯಿಯಲ್ಲಿ ಉತ್ತರ ಇಟ್ಟುಕೊಂಡೇ ನಿಂತಿದ್ದೆ. ಅವನು ಉಗುರಿನ ಸಂದಿಯ ಮಣ್ಣನ್ನು ತಿಕ್ಕಿ ತಿಕ್ಕಿ ತೊಳೆದು ಒಳಗೆ ಹೋದ.

ವೈನಿಯನ್ನು ಮತ್ತೆ ಬಬಲೇಶ್ವರಕ್ಕೇ ಒಯ್ದರು. ಹಾಲು ಕಟ್ಟಿ ಜ್ವರ ಬಂದಿತ್ತು, ಅವಳ ತಾಯಿ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿದ್ದರು. ನಾನು ನೋಡಲು ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ತಿರುಗಲಿಲ್ಲ. ತೊಟ್ಟಿಲು ಕಟ್ಟಬೇಕಿದ್ದ ಶುಕ್ರವಾರ ನಾನು ತರಬೇತಿ ಕೇಂದ್ರದಲ್ಲಿ ಪಾಠ ಮಾಡಿದೆ. ಏನು ಹೇಳಿಕೊಟ್ಟೆನೋ ನೆನಪಿಲ್ಲ.

ಎಲ್ಲಿಯಾದರೂ ಬರೆದು ಇಳಿಸಬೇಕು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ: ಅವನನ್ನು ಕೊಂದವಳು ನಾನೇ ಎಂದು ನಾನು ನಂಬಿದೆ. ಡಾಕ್ಟರು ಹೇಳಿದ್ದು ನನಗೆ ಪೂರ್ತಿ ಅರ್ಥವಾಗಿತ್ತು, ನಾನೇನು ದಡ್ಡಿಯಲ್ಲ. ಆದರೂ ಲೆಕ್ಕ ಹಾಕುತ್ತಿದ್ದೆ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಹೆಸರು ಬರೆದೆ. ಭಾನುವಾರ ಸಂಜೆ ಹನ್ನೊಂದು ಸಲ ಆ ಹೆಸರು ಬೂದು ಪರದೆಯ ಮೇಲೆ ಮೂಡಿತು, ನಾನು ನಕ್ಕೆ. ಅದೇ ಸಂಜೆ ಅವನು ಹಾಲು ಬಿಟ್ಟ. ಬಸ್ಸಿನಲ್ಲಿ, ಸ್ನಾನ ಮಾಡುವಾಗ, ರೊಟ್ಟಿ ಮುರಿಯುವಾಗ ಇದೇ. ಅವ್ವನ ಎದುರು ನಕ್ಕಿದ್ದು ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತಿತ್ತು. ಅವ್ವನಿಗೆ ಹೇಳುವ ಧೈರ್ಯ ಬರಲಿಲ್ಲ. ಹೇಳಿದರೆ ಅವಳು ನಂಬುತ್ತಾಳೆ, ಅದೇ ಭಯ.

ಗುಂಪಿನವರು ಕೇಳಿದರು, ಎಲ್ಲಿ ಮೊದಲ ಅನಿಸಿಕೆ, ಹೇಗಿದೆ ಆಟ? ಇನ್ನೂ ಶುರು ಮಾಡಿಲ್ಲ ಎಂದೆ. ಒಂದು ದಿನ ಗಟ್ಟಿ ಮನಸ್ಸು ಮಾಡಿ ಆ ಪಾತ್ರವನ್ನೇ ಅಳಿಸಿಹಾಕಲು ಕೂತೆ. ಹೆಸರು ಬದಲಿಸಲು ಅದರಲ್ಲಿ ಬರುವುದಿಲ್ಲ, ಅಳಿಸಬಹುದು ಅಷ್ಟೇ. ಅಳಿಸು ಎಂದು ಒತ್ತಿದರೆ, ತಪ್ಪಿ ಒತ್ತಿರಬಹುದೆಂದು ಆಟ ಮತ್ತೊಮ್ಮೆ ಕೇಳುತ್ತದೆ: ನಿಜವಾಗಿಯೂ ಅಳಿಸಬೇಕಾದರೆ ಇಲ್ಲಿ ಅವನ ಹೆಸರನ್ನು ಬರೆಯಿರಿ. ಎರಡು ಅಕ್ಷರ ಬರೆದೆ. ಮೂರನೆಯದು ನನ್ನ ಕೈಲಾಗಲಿಲ್ಲ. ಕಂಪ್ಯೂಟರಿನ ಮೇಲೆ ಹಳೆಯ ದುಪ್ಪಟ್ಟಾ ಹೊದಿಸಿ ಎದ್ದೆ.

ಒಂದೂವರೆ ತಿಂಗಳ ಮೇಲೆ ವೈನಿ ತಿಕೋಟಾಕ್ಕೆ ಬಂದಳು. ಸೊರಗಿದ್ದಳು. ಬಂದ ದಿನವೇ ಒಲೆಯ ಮುಂದೆ ಕೂತಳು, ಬೇಡವೆಂದರೂ ಕೇಳಲಿಲ್ಲ. ಅಣ್ಣ ಅಂಗಡಿಯಿಂದ ಮೊದಲಿಗಿಂತ ಬೇಗ ಬರತೊಡಗಿದ, ಬಂದು ಅವಳ ಹತ್ತಿರ ಸುಮ್ಮನೆ ಕೂರುತ್ತಿದ್ದ. ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಒಳ್ಳೆಯವರಾಗಿದ್ದೆವು. ಒಬ್ಬರೂ ಒಬ್ಬರನ್ನು ಬೈಯುತ್ತಿರಲಿಲ್ಲ. ಅಂಥ ಮನೆಯಲ್ಲಿ ಇರುವುದು ಬಹಳ ಕಷ್ಟ.

ಎರಡನೆಯ ಭಾನುವಾರ ಮಧ್ಯಾಹ್ನ ಅವ್ವ, ಅಣ್ಣ ಇಬ್ಬರೂ ಹೊಲಕ್ಕೆ ಹೋಗಿದ್ದರು. ವೈನಿ ಮೊರ ತಂದು ಪಡಸಾಲೆಯಲ್ಲಿ ಕೂತಳು.

‘ಆ ಹೊಸಾ ಆಟ ಬಂದಿತ್ತಲ್ಲ, ಹೆಂಗೈತಿ?’

‘ಚೊಲೊ ಇಲ್ಲ ವೈನಿ. ಬಿಟ್ಟೆ.’

‘ಎರಡ ವರ್ಷ ಅದರ ಧ್ಯಾನಾನ ಮಾಡಿದಿ. ಹಚ್ಚು, ನಾನರ ನೋಡ್ತೀನಿ. ಈ ಮನಿಯಾಗ ಸುಮ್ಮ ಕುಂತ ಕುಂತ ತಲಿ ಚಿಟ್ಟ ಹಿಡದೈತಿ.’

ಬೇರೆ ಯಾವುದಾದರೂ ಹಳೆಯ ಆಟ ಹಚ್ಚುತ್ತೇನೆ ಎಂದೆ. ಅವಳು ಆಗಲೇ ಎದ್ದು ದುಪ್ಪಟ್ಟಾ ತೆಗೆದು, ಗುಂಡಿ ಒತ್ತಿಯಾಗಿತ್ತು. ಎಷ್ಟು ವರ್ಷ ನನ್ನ ಪಕ್ಕ ಕೂತಿದ್ದಾಳೆ, ಎಲ್ಲಿ ಒತ್ತಬೇಕೆಂದು ಅವಳಿಗೆ ಗೊತ್ತು. ನಾನು ‘ಬ್ಯಾಡ ವೈನಿ’ ಎನ್ನುವಷ್ಟರಲ್ಲಿ ಆಟದ ಮೊದಲ ಪುಟ ಬಂದು, ಅದರಲ್ಲಿ ಆಡಿದವರ ಪಟ್ಟಿ ಬಂತು. ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು. ಇಂಗ್ಲಿಷಿನಲ್ಲಿದ್ದರೆ ಅವಳು ನೋಡದೆ ಬಿಡುತ್ತಿದ್ದಳೇನೋ. ಕನ್ನಡದಲ್ಲಿತ್ತು.

ವೈನಿ ಬಗ್ಗಿ ಅದನ್ನು ನೋಡಿದಳು.

‘ಇದ ಅವನ ಹೆಸರೇನ?’

ನಾನು ಹೌದೆಂದು ತಲೆ ಆಡಿಸಿದೆ. ಅವಳು ಒಂದೊಂದೇ ಅಕ್ಷರ ಬಿಡಿಸಿ, ಸಣ್ಣ ದನಿಯಲ್ಲಿ ಓದಿದಳು. ಆ ಹೆಸರು ಒಬ್ಬರ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

‘ಚಂದ ಐತಿ’ ಎಂದಳು.

ಅಷ್ಟಕ್ಕೆ ನನ್ನಿಂದ ತಡೆಯಲಾಗಲಿಲ್ಲ. ನೆಲದ ಮೇಲೆ ಕೂತುಬಿಟ್ಟೆ. ‘ವೈನಿ, ನಾ ತೊಟ್ಟಿಲಕ್ಕ ಮೊದಲ ಬರದ್ನಿ. ಅವ ಇದ್ದಾಗನ ಬರದ್ನಿ. ಶನಿವಾರ. ಅವ್ವ ಅಷ್ಟ ಹೇಳಿದ್ಲು, ಕೇಳಲಿಲ್ಲ ನಾ. ಹನ್ನೊಂದ ಸಲ ಸತ್ತ ಇದರಾಗ, ನಾ ನಕ್ಕೋತ ಕುಂತಿದ್ದೆ. ನನ್ನಿಂದನ ಆತು ವೈನಿ.’ ಎಲ್ಲ ಹೇಳಿದೆ. ನೋಟ್‌ಬುಕ್ಕಿನ ಆ ಹಾಳೆಯನ್ನೂ ತೋರಿಸಿದೆ. ಬೈಯಲಿ, ಹೊಡೆಯಲಿ, ಈ ಮನೆಯಿಂದ ಹೋಗು ಅನ್ನಲಿ, ಏನಾದರೂ ಅನ್ನಲಿ ಎಂದು ಅವಳ ಮುಖ ನೋಡಿದೆ.

ವೈನಿ ಮೊರದೊಳಗಿನ ಜೋಳದಲ್ಲಿ ಬೆರಳು ಆಡಿಸುತ್ತಿದ್ದಳು.

‘ನಾ ಎರಡನೇ ದಿನಾನ ಕರದಿದ್ದೆ’ ಎಂದಳು.

‘ಏನಂತಿ?’

‘ದವಾಖಾನ್ಯಾಗ, ಹಾಲ ಕುಡಸ್ಕೋತ. ನೀ ಏನ ಇಡ್ತೀಯೋ ಏನೋ, ಅಲ್ಲೀತನಕಾ ನಂದೊಂದ ಇರ್ಲಿ ಅಂತ ಕಿವ್ಯಾಗ ಕರದ್ನಿ. ಆಮ್ಯಾಲ ದಿನಾ ಕರೀತಿದ್ದೆ. ಆ ಹೆಸರಿಗೆ ಕಣ್ಣ ತೆರೀತಿದ್ದ ಬೇ ಅವ. ಮಲಗಿದ್ರೂ ತೆರೀತಿದ್ದ.’ ಅವಳ ದನಿ ಸಣ್ಣದಾಯಿತು. ‘ನಮ್ಮವ್ವಗೂ ಹೇಳಿಲ್ಲ, ನಿಮ್ಮಣ್ಣಗೂ ಹೇಳಿಲ್ಲ. ಎಂಟ ವರ್ಷ ಕಾದಾಕಿಗೆ ಹನ್ನೊಂದ ದಿನ ಕಾಯಾಕ ಆಗಲಿಲ್ಲ. ನಾನ ಕರದ ಕಳಕೊಂಡ್ನಿ ಅಂತ ಗ್ವಾಡಿ ನೋಡ್ಕೋತ ಮಲಗಿದ್ದೆ.’

ನನಗೆ ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಈಗಲೂ ಹೇಳಲಾರೆ. ಅವ್ವನ ಮೇಲೆ ಅಲ್ಲ, ಅವಳಿಗೆ ಅವಳ ಅವ್ವ ಹೇಳಿದ್ದನ್ನೇ ಅವಳು ಹೇಳಿದ್ದು. ಬಬಲೇಶ್ವರದಲ್ಲಿ ಇವಳು, ತಿಕೋಟಾದಲ್ಲಿ ನಾನು, ಒಂದೇ ಹುಡುಗನನ್ನು ಇಬ್ಬರೂ ಬೇರೆ ಬೇರೆ ಕೊಂದುಕೊಂಡು ಒಂದೂವರೆ ತಿಂಗಳು ಕಳೆದಿದ್ದೆವು. ನಾನು ಅವಳ ಕೈ ಹಿಡಿದು ಜೋರಾಗಿ ಹೇಳಿದೆ.

‘ವೈನಿ, ಅವನ ಎದ್ಯಾಗ ತೊಂದರಿ ಇತ್ತು. ಡಾಕ್ಟರ ಹೇಳಿದ್ರಲ್ಲ!’

‘ಹೂಂ’ ಎಂದಳು. ‘ನಿನಗೂ ಹೇಳಿದ್ರಲ್ಲ.’

ಇಬ್ಬರೂ ಅತ್ತೆವು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅವತ್ತೇ. ಸ್ವಲ್ಪ ಹೊತ್ತಿನ ಮೇಲೆ, ನೀನು ಕರೆದ ಹೆಸರು ಯಾವುದು ಎಂದು ಕೇಳಿದೆ. ವೈನಿ ಸೆರಗಿನಿಂದ ಮೂಗು ಒರೆಸಿಕೊಂಡು ‘ಅದ ನನ್ನ ಕೂಡ ಇರ್ಲಿ’ ಎಂದಳು. ಮತ್ತೆ ಕೇಳಲಿಲ್ಲ.

ಪರದೆಯ ಮೇಲೆ ಆ ಒಂದು ಸಾಲು ಹಾಗೇ ಇತ್ತು. ಅವಳು ಅದರ ಕಡೆ ಗದ್ದ ಎತ್ತಿ ತೋರಿಸಿ ಕೇಳಿದಳು.

‘ಇವ ಈಗ ಎಲ್ಲಿ ಅದಾನ?’

ಒತ್ತಿದೆ. ಸೋಮವಾರ ಬೆಳಿಗ್ಗೆ ಫೋನು ಬಂದಾಗ ನಾನು ಎದ್ದು ಓಡಿದ ಜಾಗದಲ್ಲೇ ಇದ್ದ. ಬೆಟ್ಟದ ಕಣಿವೆ, ಹಿಮ ಬೀಳುತ್ತಿತ್ತು. ಮೊಣಕಾಲಮಟ ಹಿಮದಲ್ಲಿ ತೆಳ್ಳಗಿನ ಅಂಗಿ ತೊಟ್ಟು ನಿಂತಿದ್ದ. ಬಾಯಿಂದ ಹಬೆ ಬರುತ್ತಿತ್ತು. ನಾವು ಏನೂ ಒತ್ತದಿದ್ದರೆ ಅವನು ತಾನೇ ಕೈ ಉಜ್ಜಿಕೊಳ್ಳುತ್ತಾನೆ, ಉಜ್ಜಿಕೊಂಡ.

‘ಅವತ್ತಿಂದ ಇಲ್ಲೇ ನಿಂತಾನೇನ?’

ಆಟ ಬಂದ್ ಆದಾಗ ಒಳಗೆ ಹೊತ್ತು ಹೋಗುವುದಿಲ್ಲ, ಅವನಿಗೆ ಒಂದು ಗಳಿಗೆಯೂ ಆಗಿಲ್ಲ ಎಂದು ಹೇಳಬಹುದಿತ್ತು. ದಿನಾ ನಲವತ್ತು ಜನರಿಗೆ ಇಂಥದ್ದನ್ನೇ ಹೇಳಿಕೊಡುತ್ತೇನೆ. ‘ಹೂಂ’ ಎಂದೆ.

‘ಮೈಮ್ಯಾಲ ಏನೂ ಇಲ್ಲಲ್ಲಬೇ. ಮೊದ್ಲ ಎಲ್ಲಿಯರ ಒಳಗ ಕರ್ಕೊಂಡ ಹೋಗು.’

ಅಷ್ಟು ಹುಷಾರಾಗಿ ನಾನು ಯಾವ ಆಟವನ್ನೂ ಆಡಿಲ್ಲ. ದಾರಿಯಲ್ಲಿ ತೋಳಗಳಿದ್ದವು. ಕತ್ತಿ ಹಿರಿಯಲಿಲ್ಲ, ಬಂಡೆಯ ಮರೆಯಲ್ಲಿ ಕೂರಿಸಿ ಅವು ದಾಟಿ ಹೋಗುವವರೆಗೆ ಕಾದೆ. ಒಂದು ಕಡೆ ಹಿಮ ಕುಸಿದು ಅವನು ಜಾರಿದ. ವೈನಿ ನನ್ನ ತೋಳು ಹಿಡಿದು ‘ಸಾವಕಾಶ, ಸಾವಕಾಶ’ ಎಂದಳು. ನನ್ನ ಕೈ ಬೆವೆತು ಗುಂಡಿಗಳು ಜಾರುತ್ತಿದ್ದವು. ಇನ್ನೊಂದು ಸಲ ಆ ಬೂದು ಪರದೆ ಬಂದರೆ ನಾನು ಉಳಿಯುವುದಿಲ್ಲ ಅನಿಸಿತ್ತು. ಎಷ್ಟೋ ಹೊತ್ತಿನ ಮೇಲೆ ಕೆಳಗೆ ಕುರಿಗಾರರದೊಂದು ಗುಡಿಸಲು ಕಂಡಿತು. ಯಾರೂ ಇರಲಿಲ್ಲ. ಬಾಗಿಲು ತೆರೆದು ಒಳಗೆ ಕರೆದುಕೊಂಡು ಹೋದೆ. ಒಲೆ ಇತ್ತು, ಹೊತ್ತಿಸಿದೆ. ಅದರ ಮುಂದೆ ಕೂರಿಸಿದೆ. ಬೆಂಕಿಯ ಬೆಳಕು ಅವನ ಮುಖಕ್ಕೆ ಬಿತ್ತು.

ವೈನಿ ಉಸಿರು ಬಿಟ್ಟಳು. ಆಮೇಲೆ ಹೇಳಿದಳು.

‘ಬಾಗಲಾ ಹಾಕು. ಥಂಡಿ ಬರ್ತೈತಿ.’

ಬಾಗಿಲ ಹತ್ತಿರ ಹೋಗಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಂದು ಗುಂಡಿ ಒತ್ತಿದೆ. ಹಿಮ ಒಳಗೆ ಹಾರಿ ಬರುತ್ತಿತ್ತು.

‘ಹಾಕಾಕ ಬರೂದಿಲ್ಲ ವೈನಿ. ಈ ಆಟದಾಗ ಬಾಗಲಾ ತೆರ್ಯಾಕ ಅಷ್ಟ ಬರ್ತೈತಿ.’

‘ಇನ್ನೊಮ್ಮಿ ನೋಡು.’

‘ಇಲ್ಲ ವೈನಿ.’

‘ಎಲ್ಲಾ ಒತ್ತಿ ನೋಡು ಬೇ’ ಎಂದಳು. ಮೊರ ಪಕ್ಕಕ್ಕಿಟ್ಟು, ಪರದೆಯ ಹತ್ತಿರ ಸರಿದು, ಆ ತೆರೆದ ಬಾಗಿಲನ್ನೇ ನೋಡುತ್ತ ಕೂತಳು. ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಎಡಗಡೆಯ ಮೊದಲ ಗುಂಡಿಯಿಂದ ಶುರು ಮಾಡಿ, ಒಂದನ್ನೂ ಬಿಡದೆ, ಎಲ್ಲವನ್ನೂ ಒತ್ತತೊಡಗಿದೆ.